ಮರದ ಬೇಲಿ ಕಟ್ಟುವ ಮುಂಚೆ ಕಂಬವನ್ನು ಕೊಯ್ಸಿ ನೋಡಿ

ಹಿತ್ತಲಿಗೆ ನಾವೇ ಕಟ್ಟಿದ ಮರದ ಬೇಲಿ ಎರಡು ವರ್ಷವೂ ನಿಲ್ಲಲಿಲ್ಲ. ಒಂದು ರಾತ್ರಿ ಬೀಸಿದ ಗಾಳಿಗೆ ಒಂದು ಕಡೆಯ ಸಾಲು ಪೂರ್ತಿ ಮಲಗಿತು. ಹಲಗೆ ಒಡೆದಿರಲಿಲ್ಲ, ಅಡ್ಡಪಟ್ಟಿ ಬಿಟ್ಟಿರಲಿಲ್ಲ. ಮುರಿದದ್ದು ಕಂಬಗಳು ಮಾತ್ರ. ಅದೂ ಎಲ್ಲ ಕಂಬಗಳೂ ಒಂದೇ ಜಾಗದಲ್ಲಿ, ನೆಲಮಟ್ಟಕ್ಕೆ ಸರಿಯಾಗಿ.

ಮೊದಲ ಸಲ ಬೇಲಿ ಕಟ್ಟುವವರು ಹಲಗೆಯ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಯಾವ ಬಣ್ಣ, ಎಷ್ಟು ಅಗಲ, ಮೇಲಿನ ತುದಿ ಚೂಪಾಗಿರಬೇಕಾ, ಹೀಗೆ. ಹಲಗೆ ಕೆಟ್ಟರೆ ಒಂದು ಕಿತ್ತು ಇನ್ನೊಂದು ಹೊಡೆಯಬಹುದು. ಕಂಬ ಹೋದರೆ ಬೇಲಿಯೇ ಹೋಯಿತು. ದುಡ್ಡು ಜಾಸ್ತಿ ಹಾಕುವುದಾದರೆ ಕಂಬಕ್ಕೆ ಹಾಕಿ.

ಕಂಬ ಮಾರಿದ ಅಂಗಡಿಯವರು ನಮಗೆ ಹೇಳಿದ್ದು ಎರಡು ಮಾತು. ಇದು ಟ್ರೀಟ್ ಮಾಡಿದ ಮರ, ಅಂದರೆ ಕೊಳೆಯದಂತೆ ಔಷಧಿ ಹಾಕಿದ್ದು, ಮಣ್ಣಲ್ಲಿ ಹೂತರೂ ಏನೂ ಆಗಲ್ಲ. ಮತ್ತೆ, ಚೆನ್ನಾಗಿ ಒಣಗಿದೆ, ಇವತ್ತೇ ನೆಡಬಹುದು. ಎರಡೂ ಸುಳ್ಳು. ಮುರಿದ ಕಂಬವನ್ನು ಗರಗಸದಲ್ಲಿ ಅಡ್ಡಕ್ಕೆ ಕೊಯ್ದು ನೋಡಿದೆವು. ಹೊರಗಿನ ಹಸಿರು ಬಣ್ಣ ಒಂದು ಮಿಲಿಮೀಟರ್ ಕೂಡ ಒಳಗೆ ಇಳಿದಿರಲಿಲ್ಲ. ಅದರ ಒಳಗೆ ಮರ ಕಂದು ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಚೌಕಗಳಾಗಿ ಬಿರಿದಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯ ತನಕ ಸಲೀಸಾಗಿ ಹೋಯಿತು. ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿ. ಅದೇ ಕಂಬದ ಮೇಲಿನ ಭಾಗ ಗಟ್ಟಿ. ಆಳದಲ್ಲಿದ್ದ ಬುಡವೂ ಹೆಚ್ಚುಕಡಿಮೆ ಗಟ್ಟಿಯೇ.

ನೆಲಮಟ್ಟದಲ್ಲೇ ಯಾಕೆ ಅಂತ ಆಮೇಲೆ ಅರ್ಥವಾಯಿತು. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮರದ ತೇವ ಸುಮಾರು 20 ಶೇಕಡಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಕಂಬದ ಮೇಲ್ಭಾಗ ಮಳೆಗೆ ನೆನೆದರೂ ಬೇಗ ಒಣಗುತ್ತದೆ. ಆಳದಲ್ಲಿ ಒದ್ದೆ ಇದ್ದರೂ ಗಾಳಿ ಕಡಿಮೆ. ಎರಡೂ ಬೇಕಾದಷ್ಟು ಸಿಗುವುದು ನೆಲದ ಮೇಲ್ಪದರದ ಹತ್ತಿರ.

ಈಗ ಆ 'ಟ್ರೀಟ್‌ಮೆಂಟ್' ವಿಷಯ. ಸರಿಯಾದ ವಿಧಾನದಲ್ಲಿ ಮರವನ್ನು ಮುಚ್ಚಿದ ಟ್ಯಾಂಕಿನೊಳಗೆ ಹಾಕಿ, ಗಾಳಿ ಹೀರಿ ತೆಗೆದು, ಆಮೇಲೆ ಒತ್ತಡ ಕೊಟ್ಟು ಔಷಧಿಯನ್ನು ಒಳಗೆ ನುಗ್ಗಿಸುತ್ತಾರೆ. ಬ್ರಷ್‌ನಲ್ಲಿ ಬಳಿದದ್ದು, ತೊಟ್ಟಿಯಲ್ಲಿ ಅದ್ದಿ ತೆಗೆದದ್ದು ಚರ್ಮದ ಮೇಲೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹಸಿರು! ವ್ಯತ್ಯಾಸ ಕಾಣುವುದು ಕೊಯ್ದಾಗ. ಹಾಗಾಗಿ ಕೊಳ್ಳುವ ಮುಂಚೆ ಒಂದು ಕಂಬವನ್ನು ಅಲ್ಲೇ ಕೊಯ್ಸಿ. ತುದಿಯಿಂದ ಎರಡು ಬೆರಳಷ್ಟು ಕೊಯ್ದರೆ ಪ್ರಯೋಜನವಿಲ್ಲ. ಮರದ ನಾರಿನ ತುದಿಯಲ್ಲಿ ಔಷಧಿ ಸುಲಭವಾಗಿ ಒಳಗೆ ಹೋಗುತ್ತದೆ, ಅದ್ದಿದ ಮರದಲ್ಲೂ ತುದಿ ಚೆನ್ನಾಗಿಯೇ ಕಾಣುತ್ತದೆ. ಕನಿಷ್ಠ ಒಂದು ಗೇಣು ಒಳಗೆ ಕೊಯ್ಯಬೇಕು. ನಡುವಿನ ಚೇಗಿನೊಳಗೆ, ಅಂದರೆ ಬಣ್ಣ ಗಾಢವಾದ ಗಟ್ಟಿ ತಿರುಳಿನೊಳಗೆ, ಔಷಧಿ ಅಷ್ಟಾಗಿ ಹೋಗುವುದಿಲ್ಲ, ಅದು ಸಹಜ. ಅದರ ಸುತ್ತಲಿನ ಬಿಳಿ ಮರದಲ್ಲಿ ಮಾತ್ರ ಬಣ್ಣ ಆಳಕ್ಕೆ ಇಳಿದಿರಲೇಬೇಕು. ಒಂದು ಕಂಬ ಹಾಳಾಗುತ್ತದೆ ಎಂದು ಅಂಗಡಿಯವರು ಗೊಣಗಿದರೆ ಆ ಕಂಬದ ದುಡ್ಡು ನೀವೇ ಕೊಡಿ. ಕೊಯ್ಯಲು ಬಿಡುವುದೇ ಇಲ್ಲ ಎಂದರೆ ಬೇರೆ ಅಂಗಡಿ ನೋಡಿ.

ಇನ್ನೊಂದು ಮಾತು ಕೇಳಿಯೇ ಕೇಳಿ: ಇದು ನೆಲದ ಮೇಲಿನ ಬಳಕೆಗೋ, ಮಣ್ಣಲ್ಲಿ ಹೂಳುವುದಕ್ಕೋ? ಒತ್ತಡದಲ್ಲಿ ಟ್ರೀಟ್ ಮಾಡಿದ ಮರದಲ್ಲೂ ದರ್ಜೆಗಳಿವೆ. ಹಲಗೆಗೆ ಸಾಕಾಗುವ ದರ್ಜೆ ಕಂಬಕ್ಕೆ ಸಾಲದು.

ಹಸಿ ಮರದ ಕಥೆ ಇದಕ್ಕಿಂತ ಕುತಂತ್ರದ್ದು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. 10 ಸೆಂಟಿಮೀಟರ್ ದಪ್ಪದ ಹಸಿ ಕಂಬ ಕೆಲವು ಮಿಲಿಮೀಟರ್ ಸಣ್ಣಗಾಗಬಹುದು. ನಾವು ಅಂಗಡಿಯವರ ಸಲಹೆಯಂತೆ ಕಂಬದ ಸುತ್ತ, ತಳಕ್ಕೂ ಸೇರಿಸಿ ಕಾಂಕ್ರೀಟ್ ತುಂಬಿದ್ದೆವು. ಮರ ಕುಗ್ಗಿತು, ಕಾಂಕ್ರೀಟ್ ಹಾಗೇ ಇತ್ತು. ನಡುವೆ ಸಂದು. ಮಳೆ ನೀರು ಆ ಸಂದಿನಲ್ಲಿ ಇಳಿದು ಹೊರಗೆ ಹೋಗಲು ದಾರಿಯಿಲ್ಲದೆ ನಿಂತಿತು. ನೀರು ಉಳಿದ ಲೋಟದಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟ ಹಾಗೆ.

ಕಾಂಕ್ರೀಟ್ ಹಾಕಬಾರದು ಅಂತಲ್ಲ. ತಳ ಮುಚ್ಚಬಾರದು, ಅಷ್ಟೇ. ಗುಂಡಿಯ ತಳಕ್ಕೆ 10ರಿಂದ 15 ಸೆಂಟಿಮೀಟರ್ ಜಲ್ಲಿ ಹಾಕಿ, ಕಂಬದ ಬುಡ ಆ ಜಲ್ಲಿಯ ಮೇಲೆ ಕೂರಬೇಕು. ಕಾಂಕ್ರೀಟ್ ಸುತ್ತ ಮಾತ್ರ. ಅದರ ಮೇಲ್ಮೈ ಮಣ್ಣಿಗಿಂತ ಸ್ವಲ್ಪ ಎತ್ತರವಿದ್ದು, ಕಂಬದಿಂದ ಹೊರಕ್ಕೆ ಇಳಿಜಾರಾಗಿರಲಿ. ಒಳಕ್ಕೆ ತಗ್ಗಾಗಿ ಬಿಟ್ಟರೆ ನೀವೇ ನೀರಿಗೆ ಬಟ್ಟಲು ಮಾಡಿಕೊಟ್ಟಂತೆ.

ಮರ ಒಣಗಿದೆಯಾ ಎಂದು ತಿಳಿಯಲು ಎರಡು ಸೂಜಿಯ ತೇವ ಮೀಟರ್ ಇದ್ದರೆ ಸಾಕು. ಯಾರ ಹತ್ತಿರವಾದರೂ ಎರವಲು ತನ್ನಿ. ಅದೂ ಇಲ್ಲದಿದ್ದರೆ ಒಂದೇ ಅಳತೆಯ, ಒಂದೇ ಜಾತಿಯ ಎರಡು ಮೂರು ಕಂಬ ಎತ್ತಿ ನೋಡಿ, ಹಸಿಯದ್ದು ಕೈಗೇ ಗೊತ್ತಾಗುತ್ತದೆ. ನಿಜವಾಗಿ ಒತ್ತಡದಲ್ಲಿ ಟ್ರೀಟ್ ಮಾಡಿದ ಮರವೂ ಸಾಮಾನ್ಯವಾಗಿ ಒದ್ದೆಯಾಗಿಯೇ ಬರುತ್ತದೆ, ಔಷಧಿ ನೀರಿನಲ್ಲಿ ಕಲಸಿದ್ದಲ್ವಾ. ಅದನ್ನು ನಡುನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ, ಒಣಗಿದ ಮೇಲೆ ನೆಡಿ. ಇದಕ್ಕೆ ವಾರಗಳೇ ಹಿಡಿಯುತ್ತವೆ. ಕಾಯಲು ಯಾರಿಗೂ ತಾಳ್ಮೆ ಇರುವುದಿಲ್ಲ, ಗೊತ್ತು.

ಉದ್ದದಲ್ಲೂ ನಮಗೆ ಟೋಪಿ ಬಿತ್ತು. 1.8 ಮೀಟರ್ ಎತ್ತರದ ಬೇಲಿಗೆ 2.2 ಮೀಟರ್ ಕಂಬ ಧಾರಾಳವಾಯಿತು ಎಂದು ಮಾರಿದರು. ಮಣ್ಣಿನೊಳಗೆ ಹೋದದ್ದು ಬರೀ 40 ಸೆಂಟಿಮೀಟರ್. ಕಂಬದ ಒಟ್ಟು ಉದ್ದದಲ್ಲಿ ಮೂರರಲ್ಲಿ ಒಂದು ಭಾಗ ನೆಲದೊಳಗಿರಬೇಕು ಎನ್ನುವುದು ಬೇಲಿ ಕಟ್ಟುವವರ ಸಾಮಾನ್ಯ ಲೆಕ್ಕ. ಅಂದರೆ ಈ ಎತ್ತರಕ್ಕೆ 2.7 ಮೀಟರ್ ಕಂಬ. ಸಂದಿಲ್ಲದೆ ಹಲಗೆ ಹೊಡೆದ ಬೇಲಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆ ಒತ್ತಡವೆಲ್ಲ ಬಂದು ಬೀಳುವುದು ಮತ್ತೆ ಅದೇ ನೆಲಮಟ್ಟದ ಮೇಲೆ. ಹಲಗೆಗಳ ನಡುವೆ ಸ್ವಲ್ಪ ಸಂದು ಬಿಟ್ಟರೆ ಕಂಬಕ್ಕೆ ಎಷ್ಟೋ ಹಗುರ.

ಮೊಳೆ, ಸ್ಕ್ರೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನ ಔಷಧಿಗಳಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ, ಅದು ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಕಾದ ಸತುವಿನಲ್ಲಿ ಅದ್ದಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಕಂಬ ಕೊಯ್ದ ತುದಿಗೆ ಮತ್ತೆ ಔಷಧಿ ಬಳಿಯಿರಿ, ಆ ತುದಿಯನ್ನು ಮೇಲಕ್ಕೆ ಮಾಡಿ ನೆಡಿ.

ಮುರಿದ ಕಂಬದ ತುಂಡು ಹಿಡಿದುಕೊಂಡು ಅಂಗಡಿಗೆ ಹೋದಾಗ ಸಿಕ್ಕ ಉತ್ತರ, "ನಿಮ್ಮ ಮಣ್ಣೇ ಸರಿಯಿಲ್ಲ." ಬಿಲ್ ತೋರಿಸಿದೆವು. ಅದರಲ್ಲಿ ಬರೆದಿದ್ದದ್ದು 'ಮರದ ಕಂಬ' ಎಂದು ಮಾತ್ರ. ಟ್ರೀಟ್ ಮಾಡಿದ್ದು ಎಂಬ ಮಾತೇ ಇಲ್ಲ, ಒಣಗಿದ್ದು ಎಂಬುದೂ ಇಲ್ಲ. ಅಲ್ಲಿಗೆ ನಮ್ಮ ವಾದ ಮುಗಿಯಿತು. ಮರದ ಜಾತಿ, ಟ್ರೀಟ್ ಮಾಡಿದ ವಿಧಾನ, ಮಣ್ಣಿನ ಬಳಕೆಗೆ ಆಗುವ ದರ್ಜೆ, ಕಂಬದ ಉದ್ದ, ಇಷ್ಟೂ ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆ ದುಡ್ಡು ಕೊಡಿ.

ಕಿತ್ತ ಕಂಬಗಳನ್ನು ಒಲೆಗೆ ಹಾಕಬೇಡಿ. ಮೇಲೆ ಬಳಿದದ್ದು ಏನು ಅಂತ ಯಾರಿಗೆ ಗೊತ್ತು? ಹಳೆಯ ಮರವಾದರೆ ಅದರಲ್ಲಿ ಆರ್ಸೆನಿಕ್ ಇರುವ ಔಷಧಿಯೂ ಇರಬಹುದು, ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಅದು ಬರುತ್ತದೆ. ತರಕಾರಿ ಮಡಿಗೆ ಅಂಚು ಕಟ್ಟಲೂ ಬಳಸಬೇಡಿ, ಕಸ ತೆಗೆದುಕೊಳ್ಳುವವರಿಗೆ ಇದು ಔಷಧಿ ಹಾಕಿದ ಮರ ಎಂದು ಹೇಳಿಯೇ ಕೊಡಿ.