ರಾತ್ರಿ ಎರಡು ಗಂಟೆಗೆ ಯಾರು ಏಳುತ್ತಾರೆ? ಮೈಸೂರಿನ ಹಿರಿಯರ ಆರೈಕೆ ಸೇವೆಗಳ ವಿಮರ್ಶೆ

ವೃದ್ಧಾಶ್ರಮ ನೋಡಲು ಹೋದವರಿಗೆ ಮೊದಲು ತೋಟ ತೋರಿಸುತ್ತಾರೆ, ಆಮೇಲೆ ದೇವರ ಮನೆ, ಆಮೇಲೆ ಊಟದ ಹಾಲ್. ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲ ಕಡೆಯೂ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನೆಲ ಒರೆಸಿ ಆಗಿರುತ್ತದೆ, ಹಿರಿಯರಿಗೆ ಸ್ನಾನ ಆಗಿರುತ್ತದೆ, ಮ್ಯಾನೇಜರ್ ಕುರ್ಚಿಯಲ್ಲಿರುತ್ತಾರೆ. ಕಷ್ಟ ಬರುವುದು ಆ ಹೊತ್ತಿನಲ್ಲಲ್ಲ. ಕತ್ತಲಲ್ಲಿ ಬಚ್ಚಲಿಗೆ ಎದ್ದಾಗ ಕಾಲು ಜಾರುತ್ತದೆ. ಮರೆವಿನ ಕಾಯಿಲೆ ಇರುವವರು ಸಂಜೆಯಾದಂತೆ ಚಡಪಡಿಸಿ, ನಡುರಾತ್ರಿ ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಒಂದೇ ಮಗ್ಗುಲಲ್ಲಿ ಆರೇಳು ಗಂಟೆ ಮಲಗಿದ ದೇಹಕ್ಕೆ ಸೊಂಟದ ಕೆಳಗೆ ಹುಣ್ಣು ಶುರುವಾಗುವುದೂ ರಾತ್ರಿಯೇ. ಹಾಗಾಗಿ ಮೈಸೂರಿನಲ್ಲಿ ಸಿಗುವ ಸೇವೆಗಳನ್ನು ಇಲ್ಲಿ ಅಳೆದಿರುವುದು ಒಂದೇ ಪ್ರಶ್ನೆಯಿಂದ: ರಾತ್ರಿ ಎರಡು ಗಂಟೆಗೆ ಯಾರು ಏಳುತ್ತಾರೆ?

ಮೊದಲಿಗೆ ಮನೆಗೇ ಆಳು ಕಳಿಸುವ ಹೋಂ ನರ್ಸ್ ಏಜೆನ್ಸಿಗಳು. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಮಕ್ಕಳು ಹೊರಗಿರುವ ಮನೆಗಳು ಹೆಚ್ಚಾಗಿ ಆತುಕೊಂಡಿರುವುದು ಇವರನ್ನೇ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿಂದ ಹಣವೂ ಹೋಗುತ್ತದೆ, ಆರೈಕೆಯೂ ಕೆಡುತ್ತದೆ.

ಒಂದು, '24 ಗಂಟೆ' ಎಂಬ ಮಾತು. ಆಳು ಮನೆಯಲ್ಲೇ ಉಳಿದುಕೊಳ್ಳುತ್ತಾರೆ ಎಂಬುದಷ್ಟೇ ಅದರ ಅರ್ಥ, 24 ಗಂಟೆಯೂ ಎಚ್ಚರವಿರುತ್ತಾರೆ ಎಂದಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದೇ ನಾಲ್ಕು ಸಲ ಏಳುವ ಕೆಲಸ. ಹಗಲೆಲ್ಲ ದುಡಿದವರಿಂದ ಇದು ಒಂದು ವಾರ ಆಗುತ್ತದೆ, ಎರಡನೇ ವಾರ ತಪ್ಪುತ್ತದೆ, ಮೂರನೇ ವಾರ ಅವರು ಊರಿಗೆ ಹೊರಡುತ್ತಾರೆ. ಅವರನ್ನು ಸೋಮಾರಿ ಎನ್ನುವುದು ಅನ್ಯಾಯ. ಮನೆಯವರಿಗೆ ಎರಡೇ ದಾರಿ: ಹಗಲಿಗೊಬ್ಬರು, ರಾತ್ರಿಗೊಬ್ಬರು ಎಂದು 12 ಗಂಟೆಯ ಎರಡು ಪಾಳಿ ಇಡುವುದು, ಇಲ್ಲವೇ ಒಬ್ಬರನ್ನು ಉಳಿಸಿಕೊಂಡು ರಾತ್ರಿಯ ಅರ್ಧ ಭಾಗವನ್ನು ತಾವೇ ವಹಿಸಿಕೊಳ್ಳುವುದು. ಮೋಟಾರಿನಿಂದ ಗಾಳಿ ತುಂಬುವ ಹಾಸಿಗೆ, ಅಂದರೆ ಏರ್ ಬೆಡ್ ಬಾಡಿಗೆಗೆ ತಂದರೆ ಒಳ್ಳೆಯದೇ. ಆದರೆ ಅದು ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ಕರೆಂಟ್ ಹೋಗಿ ಮೋಟಾರ್ ನಿಂತರೆ ಗಾಳಿ ಇಳಿದು ಕೆಳಗಿನ ಮಂಚವೇ ಒತ್ತುತ್ತದೆ, ಅದಕ್ಕೆ ಅದರ ಪ್ಲಗ್ ಯುಪಿಎಸ್ ಲೈನಿನಲ್ಲಿರಲಿ.

ಎರಡು, 'ನರ್ಸ್' ಎಂಬ ಹೆಸರು. ಎಎನ್‌ಎಂ (ಸಹಾಯಕ ನರ್ಸ್) ಎಂದರೆ ಎರಡು ವರ್ಷದ ತರಬೇತಿ, ಜಿಎನ್‌ಎಂ (ಜನರಲ್ ನರ್ಸ್) ಎಂದರೆ ಮೂರು ವರ್ಷದ ಡಿಪ್ಲೊಮಾ. ಇಬ್ಬರಿಗೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು. ಏಜೆನ್ಸಿಗಳು ಕಳಿಸುವ ಹೆಚ್ಚಿನವರು ಇದ್ಯಾವುದೂ ಇಲ್ಲದ, ಕೆಲಸ ಮಾಡುತ್ತಾ ಕಲಿತ ಆಯಾ ಅಥವಾ ಅಟೆಂಡರ್. ಊಟ ಮಾಡಿಸಲು, ಸ್ನಾನಕ್ಕೆ, ಡಯಪರ್ ಬದಲಿಸಲು, ನಡೆದಾಡಿಸಲು ಅವರೇ ಸರಿ, ಎಷ್ಟೋ ಸಲ ಅವರ ಕೈ ನರ್ಸ್‌ಗಳ ಕೈಗಿಂತ ಮೃದು. ಆದರೆ ಆಹಾರಕ್ಕೆ ಮೂಗಿನ ಟ್ಯೂಬ್ ಹಾಕುವುದು, ಮೂತ್ರದ ನಳಿಗೆ (ಕ್ಯಾತಿಟರ್) ಬದಲಿಸುವುದು, ರಕ್ತನಾಳಕ್ಕೆ ಇಂಜೆಕ್ಷನ್ ಕೊಡುವುದು, ಆಳವಾದ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು ಅವರ ಕೆಲಸವಲ್ಲ. ಇವು ದಿನವೂ ಬರುವ ಕೆಲಸಗಳೂ ಅಲ್ಲ. ತಿಂಗಳಿಡೀ ನರ್ಸ್ ದರ ಕೊಟ್ಟು ಅಟೆಂಡರ್ ಕೈಯಲ್ಲಿ ಕೆಲಸ ಮಾಡಿಸುವುದಕ್ಕಿಂತ, ಅಟೆಂಡರ್ ಇಟ್ಟುಕೊಂಡು ಬೇಕಾದ ದಿನ ಮಾತ್ರ ನೋಂದಾಯಿತ ನರ್ಸ್‌ ಅನ್ನು ವಿಸಿಟ್‌ಗೆ ಕರೆಸುವುದು ಮೇಲು.

ಬಂದವರಿಗೆ ಕೆಲಸ ಗೊತ್ತೇ ಎಂದು ತಿಳಿಯಲು ಸರ್ಟಿಫಿಕೇಟಿಗಿಂತ ಮೊದಲ ದಿನದ ಹತ್ತು ನಿಮಿಷ ಸಾಕು. ಮಂಚದಿಂದ ಗಾಲಿ ಕುರ್ಚಿಗೆ ಕೂರಿಸಿ ಎನ್ನಿ. ತಿಳಿದವರು ಮೊದಲು ಗಾಲಿಯ ಬ್ರೇಕ್ ಹಾಕುತ್ತಾರೆ, ಕುರ್ಚಿಯನ್ನು ಹಿರಿಯರ ಬಲವಾದ ಮಗ್ಗುಲಿಗೆ ತರುತ್ತಾರೆ, ಸೊಂಟಕ್ಕೆ ಬೆಲ್ಟ್ ಅಥವಾ ದಪ್ಪ ಟವೆಲ್ ಸುತ್ತಿ, ತಮ್ಮ ಮಂಡಿ ಬಗ್ಗಿಸಿ ಎತ್ತುತ್ತಾರೆ. ಕೈ ಹಿಡಿದು ಎಳೆಯುವವರು, ಕಂಕುಳಿಗೆ ಕೈ ಕೊಟ್ಟು ಎತ್ತುವವರು ಕಲಿತವರಲ್ಲ. ಪಾರ್ಶ್ವವಾಯು ಆದ ಕಡೆಯ ಭುಜ ಹೀಗೆ ಎಳೆದರೆ ಕೀಲು ತಪ್ಪುತ್ತದೆ. ಟ್ಯೂಬ್‌ನಲ್ಲಿ ಆಹಾರ ಕೊಡುವವರಾದರೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ ಬಿಡುತ್ತಾರೋ ನೋಡಿ. ತಕ್ಷಣ ಮಲಗಿಸಿದರೆ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ನಮ್ಮ ಕಡೆ ರಾಗಿ ಗಂಜಿಯೇ ಹೆಚ್ಚು. ಅದನ್ನು ತೆಳು ಬಟ್ಟೆಯಲ್ಲಿ ಸೋಸದೆ ಹಾಕಿದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ ಕೊನೆಯಲ್ಲಿ ಸುಮಾರು 30 ಎಂಎಲ್ ನೀರು ಹಾಯಿಸಬೇಕು. ನಿಧಾನವಾಗಿ ಕರಗಲೆಂದೇ ಮಾಡಿದ ಎಸ್‌ಆರ್, ಎಕ್ಸ್‌ಆರ್ ಮಾತ್ರೆಗಳನ್ನು ಪುಡಿ ಮಾಡಿ ಟ್ಯೂಬ್‌ಗೆ ಹಾಕಬಾರದು. ಇಡೀ ದಿನದ ಔಷಧ ಒಮ್ಮೆಗೇ ದೇಹಕ್ಕೆ ಸೇರುತ್ತದೆ. ವೈದ್ಯರನ್ನು ಕೇಳಿ ಬೇರೆ ಮಾತ್ರೆ ಬರೆಸಿಕೊಳ್ಳಿ.

ಏಜೆನ್ಸಿಯ ಜೊತೆ ಬರವಣಿಗೆಯಲ್ಲಿ ಇರಬೇಕಾದ್ದು: ನೋಂದಣಿ ಶುಲ್ಕ ಎಷ್ಟು ತಿಂಗಳಿಗೆ, ಆಳು ಬಿಟ್ಟುಹೋದರೆ ಎಷ್ಟು ದಿನದೊಳಗೆ ಬದಲಿ, ಬಾರದ ದಿನದ ಹಣ ಕಡಿತವೇ, ವಾರದ ರಜೆ ಯಾವಾಗ, ಆಧಾರ್ ಪ್ರತಿ ಮತ್ತು ಪೊಲೀಸ್ ವೆರಿಫಿಕೇಶನ್ ಯಾರ ಹೊಣೆ. ಯುಗಾದಿ, ಗೌರಿ ಹಬ್ಬ, ದಸರಾ, ಅವರವರ ಊರಿನ ಜಾತ್ರೆ, ಈ ದಿನಗಳಲ್ಲಿ ಬದಲಿ ಆಳು ಸಿಗುವುದು ಬಲು ಕಷ್ಟ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ನೀವು ಕೊಟ್ಟ ಹಣದಲ್ಲಿ ಆಳಿನ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಲು ಸಂಕೋಚ ಬೇಡ. ಕೈಗೆ ಕಡಿಮೆ ಸಿಗುವ ಕಡೆ ಯಾರೂ ನಿಲ್ಲುವುದಿಲ್ಲ, ತಿಂಗಳಿಗೊಂದು ಹೊಸ ಮುಖ ನೋಡುವುದು ಮರೆವಿನ ಕಾಯಿಲೆಯವರಿಗೆ ದೊಡ್ಡ ಹಿಂಸೆ.

ಇನ್ನು ಹಣ ಕೊಟ್ಟು ಇರುವ ವೃದ್ಧಾಶ್ರಮಗಳು. ಅವುಗಳನ್ನು ಒಮ್ಮೆ ಹಗಲಲ್ಲಿ ನೋಡಿದರೆ, ಇನ್ನೊಮ್ಮೆ ರಾತ್ರಿ ಎಂಟೂವರೆಯ ಮೇಲೆ ಹೇಳದೆ ಹೋಗಿ ನೋಡಬೇಕು. ಒಳಗೆ ಬಿಡದಿದ್ದರೂ ಬಾಗಿಲಿಗೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂಬುದು ತಿಳಿಯುತ್ತದೆ. 'ರಾತ್ರಿ ಸ್ಟಾಫ್ ಇದ್ದಾರೆ' ಎಂಬ ಉತ್ತರ ಸಾಲದು. ನಿನ್ನೆ ರಾತ್ರಿ ಯಾರಿದ್ದರು, ಎಷ್ಟು ಜನ ಹಿರಿಯರಿಗೆ, ಡ್ಯೂಟಿ ರಿಜಿಸ್ಟರ್ ತೋರಿಸಿ ಎನ್ನಿ. ವಾಚ್‌ಮನ್ ಒಬ್ಬನನ್ನೇ ಸ್ಟಾಫ್ ಎಂದು ಲೆಕ್ಕ ಹಾಕುವ ಜಾಗ ನಡೆದಾಡುವವರಿಗೆ ಆದೀತು, ಬೇರೆಯವರಿಗೆ ಬೇಡ.

ರಾತ್ರಿ ಊಟದ ಹೊತ್ತು ಕೇಳುವವರು ಕಡಿಮೆ, ಕೇಳಲೇಬೇಕು. ಅಡುಗೆಯವರು ಬೇಗ ಹೊರಡಲೆಂದು ಸಂಜೆ ಆರೂವರೆಗೇ ಊಟ ಮುಗಿಸಿ, ಬೆಳಿಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ನಡುವೆ ಹದಿನಾಲ್ಕು ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಳಗಿನ ಜಾವ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ತೊದಲು, ಗಾಬರಿ ಕಂಡಾಗ ನಿದ್ದೆಗಣ್ಣಿನವರು ಅದನ್ನು 'ವಯಸ್ಸಾದವರ ಗಲಾಟೆ' ಎಂದುಕೊಳ್ಳುತ್ತಾರೆ. ಮಲಗುವ ಮುಂಚೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡುವ ವ್ಯವಸ್ಥೆ ಇದೆಯೇ, ಗ್ಲುಕೋಮೀಟರ್ ಎಲ್ಲಿದೆ, ರಾತ್ರಿಯವರಿಗೆ ಅದನ್ನು ಬಳಸಲು ಬರುತ್ತದೆಯೇ, ಇಷ್ಟು ಖಚಿತ ಮಾಡಿಕೊಳ್ಳಿ.

ಬಚ್ಚಲು ನೋಡಿ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ ಬಿದ್ದವರ ದೇಹವೇ ಅಡ್ಡವಾಗಿ ಯಾರೂ ಒಳಹೋಗಲಾಗದು. ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಹಿಡಿಕೆ ಗೋಡೆಗೆ ಬೋಲ್ಟ್ ಹಾಕಿದ್ದಿರಲಿ, ಟವೆಲ್ ರಾಡ್ ಭಾರ ತಡೆಯುವುದಿಲ್ಲ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಉರಿಯಲಿ, ದಾರಿಯಲ್ಲಿ ಹೊಸ್ತಿಲು ಬೇಡ. ಕಾಲ್ ಬೆಲ್ ಒತ್ತಿ ನೋಡಿ, ಎಲ್ಲಿ ಸದ್ದಾಗುತ್ತದೆ ಎಂದು ಕೇಳಿ. ಖಾಲಿ ಆಫೀಸಿನಲ್ಲಿ ಸದ್ದಾಗುವ ಬೆಲ್ ಇದ್ದೂ ಇಲ್ಲದಂತೆ. ಹಾಸಿಗೆ ಹಿಡಿದವರ ಕೋಣೆಯನ್ನು ಕಡೆಗೆ ತೋರಿಸುತ್ತಾರೆ ಅಥವಾ ತೋರಿಸುವುದೇ ಇಲ್ಲ. ಅದನ್ನೇ ಮೊದಲು ಕೇಳಿ.

ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ' ಎಂಬುದು. ನಡೆದುಕೊಂಡು ಬಂದ ಹಿರಿಯರು ಎರಡು ವರ್ಷದಲ್ಲಿ ಸೊಂಟ ಮುರಿದುಕೊಂಡರೆ ಅಲ್ಲೇ ನೋಡಿಕೊಳ್ಳುತ್ತಾರೋ, ವಾರದೊಳಗೆ ಕರೆದುಕೊಂಡು ಹೋಗಿ ಎನ್ನುತ್ತಾರೋ? ಡಿಪಾಸಿಟ್‌ನಲ್ಲಿ ಎಷ್ಟು ಕಡಿತ, ಎಷ್ಟು ದಿನಕ್ಕೆ ವಾಪಸ್? ಆಸ್ಪತ್ರೆಗೆ ಸೇರಿಸಿದರೆ ಪಕ್ಕದಲ್ಲಿ ಕೂರುವವರು ಯಾರು, ಆ ತಿಂಗಳ ಬಾಡಿಗೆಯೂ ಕಟ್ಟಬೇಕೇ? ರಿಂಗ್ ರೋಡಿನಾಚೆ ಗಾಳಿ ಬೆಳಕು ಚೆನ್ನಾಗಿರುತ್ತದೆ, ಸರಿ. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಹೊತ್ತು ನಾಲ್ಕೂವರೆ ಗಂಟೆ, ಅದರಲ್ಲಿ ಸ್ಕ್ಯಾನ್ ಕೂಡ ಆಗಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೆ ರಾತ್ರಿ ಎಷ್ಟು ನಿಮಿಷ ಎಂದು ಒಮ್ಮೆ ಕಾರಿನಲ್ಲಿ ಹೋಗಿ ಅಳೆದು ನೋಡುವುದು ಒಳ್ಳೆಯದು. ಹೃದಯದ ತೊಂದರೆ ಇರುವವರಿಗೆ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಬರಲಿ.

ಹಿರಿಯರಿಗೆಂದೇ ಕಟ್ಟಿದ ಫ್ಲಾಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೋಗ್ಯವಾಗಿರುವ ದಂಪತಿಗೆ ಅವು ಹಿತ, ಆರೈಕೆ ಬೇಕಾದವರಿಗೆ ಅವು ಮನೆಯೇ ಹೊರತು ಸೇವೆಯಲ್ಲ.

ಸರ್ಕಾರದ ಕಡೆಯಿಂದ ಸಿಗುವುದರಲ್ಲಿ 14567 ಹಿರಿಯರ ಸಹಾಯವಾಣಿ ನಿಜಕ್ಕೂ ಉಪಯೋಗದ್ದು. ಮಾಹಿತಿ, ಕಾನೂನಿನ ಸಲಹೆ, ಸಮಾಧಾನದ ಮಾತು, ಬೀದಿಯಲ್ಲಿ ಬಿಟ್ಟ ಹಿರಿಯರ ರಕ್ಷಣೆ ಎಲ್ಲಕ್ಕೂ ಕರೆ ಉಚಿತ. ಆದರೆ ಅದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಆಮೇಲೆ ಹೊಡೆತ, ಬೆದರಿಕೆ ಇದ್ದರೆ 112, ಆಂಬುಲೆನ್ಸ್‌ಗೆ 108. ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಪಕ್ಕ ಅಂಟಿಸಿ.

ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಗೆ ಅರ್ಜಿ. ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರು, ಮಂಡ್ಯದಲ್ಲಿ ಮಂಡ್ಯ ಮತ್ತು ಪಾಂಡವಪುರ ಉಪವಿಭಾಗಗಳಿವೆ. ನಾಗಮಂಗಲ, ಕೆ.ಆರ್. ಪೇಟೆಯವರು ಮಂಡ್ಯಕ್ಕೆ ಅಲೆಯಬೇಕಿಲ್ಲ, ಪಾಂಡವಪುರಕ್ಕೆ ಹೋಗಬೇಕು. ಹಿರಿಯರಿಗೆ ಆಗದಿದ್ದರೆ ಅವರು ಒಪ್ಪಿ ಸೂಚಿಸಿದವರು ಅರ್ಜಿ ಹಾಕಬಹುದು. ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಹಕ್ಕುದಾರರಾಗುವ ನೆಂಟರ ಮೇಲೂ ಕೇಳಬಹುದು.

ಇದರ 23ನೇ ಸೆಕ್ಷನ್ ಮಾತ್ರ ಪ್ರತಿಯೊಬ್ಬ ಹಿರಿಯರಿಗೂ ಗೊತ್ತಿರಲೇಬೇಕು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಮನೆ, ಜಮೀನು ದಾನಪತ್ರ ಮಾಡಿಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಲಾಗದೆ ಸೋಲುವವರಿದ್ದಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಷರತ್ತು ಇರಲೇಬೇಕೆಂದು ಹೇಳಿದೆ. 'ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ' ಎಂದಷ್ಟೇ ಪತ್ರಬರಹಗಾರರು ಬರೆದರೆ ಒಪ್ಪಬೇಡಿ. ಊಟ, ವಸತಿ, ಔಷಧ, ಆರೈಕೆ ಒದಗಿಸಬೇಕು ಎಂಬ ಸಾಲು ಪತ್ರದೊಳಗೇ ಇರಲಿ.

ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನವರ ಭಾಗ್ಯ. ಕಿವಿ ಪರೀಕ್ಷೆ, ಶ್ರವಣ ಸಾಧನ, ಪಾರ್ಶ್ವವಾಯುವಿನ ನಂತರ ಮಾತು ಮರಳಿಸುವ ತರಬೇತಿ ಎಲ್ಲವೂ ಒಂದೇ ಆವರಣದಲ್ಲಿ. ಕಿವಿ ಕೇಳದ ಹಿರಿಯರನ್ನು 'ಮರೆವು ಬಂದಿದೆ' ಎಂದು ಆಶ್ರಮಕ್ಕೆ ಸೇರಿಸುವ ಮೊದಲು ಇಲ್ಲಿಗೊಮ್ಮೆ ಕರೆದುಕೊಂಡು ಹೋಗಿ.

ಆಶ್ರಮ ಗೊತ್ತು ಮಾಡಿದರೂ ಮೊದಲು ಹದಿನೈದು ದಿನಕ್ಕೆ ಮಾತ್ರ ಹಣ ಕಟ್ಟಿ ಇರಿಸಿ, ಪೂರ್ತಿ ಡಿಪಾಸಿಟ್ ಆಮೇಲೆ. ಆ ದಿನಗಳಲ್ಲಿ ಭೇಟಿ ಕೊಟ್ಟಾಗ 'ಚೆನ್ನಾಗಿದ್ದೀರಾ' ಎಂದು ಕೇಳಿದರೆ ಮಕ್ಕಳ ಮನಸ್ಸು ನೋಯಬಾರದೆಂದು 'ಚೆನ್ನಾಗಿದ್ದೀನಿ ಕಣಪ್ಪ' ಎಂದೇ ಹೇಳುತ್ತಾರೆ. ಹಿಮ್ಮಡಿ, ಸೊಂಟದ ಹಿಂಭಾಗ ನೋಡಿ, ಕೆಂಪಾಗಿದ್ದ ಕಡೆ ಬೆರಳಿಟ್ಟು ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ ಅದು. ಆ ಹಿಂದಿನ ರಾತ್ರಿಗಳಲ್ಲಿ ಯಾರೂ ಎದ್ದಿರಲಿಲ್ಲ ಎಂದರ್ಥ.