ಬ್ರೂಜ್‌ಗೆ ಹೋಗೋದಾ, ಗೆಂಟ್‌ಗೆ ಹೋಗೋದಾ? ಅತ್ತೆ, ಮಾವ, ಮಕ್ಕಳ ಜೊತೆ ಎರಡೂ ನೋಡಿದ ಮೇಲೆ

ನಮ್ಮ ಮನೆಯ ಓಟು ಗೆಂಟ್‌ಗೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೆಲ್ಜಿಯಂನ ಕಾಲುವೆ ಊರು ಅಂದರೆ ಎಲ್ಲರ ಬಾಯಲ್ಲೂ ಬರುವುದು ಬ್ರೂಜ್. ಇಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬಂದರೆ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ಮುಗಿದ ತಕ್ಷಣ ಅದೇ ಹೆಸರು. ನಾವೂ ಮೊದಲು ಅಲ್ಲಿಗೇ ಹೋದೆವು. ಆಮೇಲೆ ಗೆಂಟ್‌ನಲ್ಲಿ ಅಡುಗೆಮನೆ ಇರುವ ಒಂದು ಮನೆ ಬಾಡಿಗೆಗೆ ಹಿಡಿದೆವು. ಅಲ್ಲಿಂದ ಒಂದು ಸಂಜೆ ಮತ್ತೆ ಬ್ರೂಜ್‌ಗೂ ಹೋಗಿಬಂದೆವು. ಎರಡರ ನಡುವೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೆ.

ನಮ್ಮ ತಂಡ ಹೇಗಿತ್ತು ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಮಾವ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಮೊಣಕಾಲು ನೋವಿದೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ಮಗಳಿಗೆ ಕೋಟೆ, ಕತ್ತಿ ಅಂದರೆ ಪ್ರಾಣ. ಮಗ ಇನ್ನೂ ತಳ್ಳುಗಾಡಿಯಲ್ಲಿ. ಪೂಜೆ ಆಗಿ, ತಿಂಡಿ ಆಗಿ, ಎರಡನೇ ಕಾಫಿ ಮುಗಿಯದೆ ನಮ್ಮ ಮನೆಯ ಬಾಗಿಲಿಗೆ ಬೀಗ ಬೀಳುವುದಿಲ್ಲ.

ಬ್ರೂಜ್ ಚೆಂದವಿಲ್ಲ ಅಂತ ಯಾರೂ ಹೇಳಲಾರರು. ನೋಡುವುದಕ್ಕೆ ಗೆಂಟ್‌ಗಿಂತ ಚೆಂದವೇ. ಅದಕ್ಕೊಂದು ಕಾರಣವೂ ಇದೆ. ಒಂದು ಕಾಲಕ್ಕೆ ಯುರೋಪಿನ ದೊಡ್ಡ ವ್ಯಾಪಾರದ ಊರುಗಳಲ್ಲಿ ಒಂದಾಗಿದ್ದ ಇದಕ್ಕೆ ಸಮುದ್ರದ ದಾರಿ ಜ್ವಿನ್ ಅನ್ನುವ ಕಡಲ ಕಾಲುವೆ. ಅದರಲ್ಲಿ ಹೂಳು ತುಂಬುತ್ತಾ ಹೋಗಿ, 1500ರ ಹೊತ್ತಿಗೆ ದೊಡ್ಡ ಹಡಗುಗಳು ಬರುವುದು ಕಷ್ಟವಾಯಿತು. ವ್ಯಾಪಾರ ಆಂಟ್‌ವರ್ಪ್ ಕಡೆಗೆ ಹೊರಟಿತು. ಕೈಯಲ್ಲಿ ಕಾಸಿಲ್ಲದ ಊರಿನಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವವರು ಯಾರು? ಇಟ್ಟಿಗೆ ಮನೆಗಳು, ಕಲ್ಲಿನ ಸೇತುವೆಗಳು ಹಾಗೇ ಉಳಿದವು. 2000ದಲ್ಲಿ ಹಳೆ ಊರಿಗೆ ಯುನೆಸ್ಕೊ ಪಟ್ಟ ಸಿಕ್ಕಿತು.

ತೊಂದರೆ ಇರುವುದು ಹೊತ್ತಿನಲ್ಲಿ. ಬೆಳಗ್ಗೆ ಹತ್ತೂವರೆ ಹನ್ನೊಂದರಿಂದ ಸಂಜೆಯವರೆಗೆ ಬ್ರಸೆಲ್ಸ್‌ನಿಂದ ಬರುವ ಟೂರಿಸ್ಟ್ ಬಸ್ಸಿನವರು, ಜೀಬ್ರುಗ್ಗ ಬಂದರಿನಲ್ಲಿ ಕ್ರೂಸ್ ಹಡಗಿನಿಂದ ಇಳಿದವರು, ಎಲ್ಲರೂ ಅದೇ ನಾಲ್ಕು ಬೀದಿಗಳಲ್ಲಿ. ನಮ್ಮಂಥ ತಡವಾಗಿ ಏಳುವ ಮನೆಯವರು, ಅದರ ಮೇಲೆ ಆಂಟ್‌ವರ್ಪ್ ರಿಂಗ್ ರಸ್ತೆಯ ಟ್ರಾಫಿಕ್ ದಾಟಿ ಬರುವವರು, ಸರಿಯಾಗಿ ಜನಜಂಗುಳಿಯ ಹೊತ್ತಿಗೇ ತಲುಪುತ್ತೇವೆ. ರೋಜೆನ್‌ಹುಡ್‌ಕಾಯ್ ಅಂತ ಒಂದು ಮೂಲೆ ಇದೆ. ಕಾಲುವೆ, ಗೋಪುರ, ಹಳೆ ಮನೆ ಒಂದೇ ಫೋಟೊದಲ್ಲಿ ಬರುವ ಜಾಗ. ಅಲ್ಲಿ ನಿಂತಾಗ ಧರ್ಮಸ್ಥಳದ ದರ್ಶನದ ಸಾಲು ನೆನಪಾಯಿತು. ಧರ್ಮಸ್ಥಳದಲ್ಲಾದರೂ ಕೊನೆಗೆ ಊಟ ಹಾಕುತ್ತಾರೆ.

ಊಟ ಅಂದೆನಲ್ಲ, ನಮ್ಮ ಬ್ರೂಜ್ ಪ್ರವಾಸ ಕೆಟ್ಟಿದ್ದೇ ಅಲ್ಲಿ.

ಬೆಲ್ಜಿಯಂಗೆ ಬಂದು ಫ್ರೈಸ್ ತಿನ್ನದೇ ಹೋಗುವುದುಂಟೇ? ಬ್ರೂಜ್‌ನಲ್ಲಿ ಫ್ರೈಸ್‌ಗೆಂದೇ ಒಂದು ಮ್ಯೂಸಿಯಂ ಇದೆ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಬಂದ ಕತೆಯಿಂದ ಶುರು ಮಾಡಿ ಎಲ್ಲ ಹೇಳುತ್ತಾರೆ. ಮಗಳಿಗೆ ಅದನ್ನು ನೋಡಿದ ಮೇಲೆ ಹಸಿವು ಇನ್ನೂ ಜಾಸ್ತಿಯಾಯಿತು. ಹತ್ತಿರದ ಒಂದು ಅಂಗಡಿಯ ಸಾಲಿನಲ್ಲಿ ನಿಂತೆವು. ಬಿಸಿಬಿಸಿ ಪೊಟ್ಟಣ ಕೈಗೆ ಬರುವ ಮುಂಚೆ ಅತ್ತೆ ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು: "ಏನಮ್ಮಾ, ಯಾವ ಎಣ್ಣೆ ಅಂತ ಕೇಳಿದೆಯಾ?" ದಾವಣಗೆರೆಯ ಮಿರ್ಚಿ ಅಂಗಡಿಯಲ್ಲೂ ಅವರು ಇದನ್ನು ಕೇಳುತ್ತಾರೆ. ನಾನು ಕೇಳಿದೆ. ಆ ಹುಡುಗ ಹೆಮ್ಮೆಯಿಂದಲೇ ಹೇಳಿದ, ಇಲ್ಲಿ ಎಣ್ಣೆ ಇಲ್ಲ, ಅಪ್ಪಟ ದನದ ಕೊಬ್ಬು.

ಅವನದೇನೂ ತಪ್ಪಿಲ್ಲ. ಬೆಲ್ಜಿಯಂನ ಸಾಂಪ್ರದಾಯಿಕ ರೀತಿಯೇ ಅದು. ಮೊದಲು ಕಡಿಮೆ ಕಾವಿನಲ್ಲಿ ಒಂದು ಸಲ ಕರಿದು ತೆಗೆಯುತ್ತಾರೆ, ಆರಿದ ಮೇಲೆ ಜಾಸ್ತಿ ಕಾವಿನಲ್ಲಿ ಇನ್ನೊಂದು ಸಲ. ಆ ರುಚಿ, ಆ ಗರಿಗರಿ ಬರುವುದು ದನದ ಕೊಬ್ಬಿನಿಂದಲೇ ಅಂತ ಅಲ್ಲಿನವರ ನಂಬಿಕೆ. ಬೋರ್ಡಿನಲ್ಲಿ 'ರುಂಡ್‌ವೆಟ್' ಅಥವಾ 'ಒಸ್ಸೆವಿಟ್' ಅಂತ ಕಂಡರೆ ಇದೇ. ಆದರೆ ಎಷ್ಟೋ ಕಡೆ ಬೋರ್ಡೇ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಮಾಂಸದ ತುಂಡು ಕಣ್ಣಿಗೆ ಕಾಣದ ತಿಂಡಿಯನ್ನು ಸಸ್ಯಾಹಾರ ಅಂದುಕೊಳ್ಳುವವರೇ ಜಾಸ್ತಿ.

ಅಲ್ಲಿಂದ ಶುರುವಾಯಿತು ಹುಡುಕಾಟ. ಎಣ್ಣೆಯಲ್ಲಿ ಕರಿಯುವ ಅಂಗಡಿ ಸಿಕ್ಕಿತು, ಆದರೆ ಅದೇ ಬಾಣಲೆಯಲ್ಲಿ ಮಾಂಸದ ರೋಲೂ ಕರಿಯುತ್ತಿದ್ದರು. ಅತ್ತೆ ಅಂಗಡಿಯೊಳಗೆ ಕಾಲೂ ಇಡಲಿಲ್ಲ. ವಾಫಲ್‌ನಲ್ಲಿ ಮೊಟ್ಟೆ. ಮೇಯನೇಸ್‌ನಲ್ಲಿ ಮೊಟ್ಟೆ. ಒಂದು ಹೋಟೆಲಿನಲ್ಲಿ ತರಕಾರಿ ಸೂಪ್ ಅಂತ ತಂದಿಟ್ಟರು, ಎರಡನೇ ಸಲ ಕೇಳಿದಾಗ ಕೋಳಿ ಬೇಯಿಸಿದ ರಸ ಹಾಕಿದ್ದೇವೆ ಅಂದರು. ಚಾಕೊಲೇಟ್ ಅಂಗಡಿಯಲ್ಲೂ ಕೇಳಿಯೇ ತೆಗೆದುಕೊಳ್ಳಬೇಕು, ಕೆಲವು ಪ್ರಲೀನ್‌ಗಳ ಹೊಟ್ಟೆಯೊಳಗೆ ಮದ್ಯ ಇರುತ್ತದೆ. ಇಷ್ಟಾಗುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಮಿನ್ನೆವಾಟರ್ ಕೆರೆಯ ಹತ್ತಿರ ಬೆಂಚಿನ ಮೇಲೆ ಕೂತು ಅತ್ತೆ ಬ್ಯಾಗಿನಿಂದ ಒಗ್ಗರಣೆ ಅವಲಕ್ಕಿ ತೆಗೆದರು. ಹಂಸಗಳು ಹತ್ತಿರ ಬಂದವು. ಆ ದಿನ ಅತ್ತೆಗೆ ಬೆಲ್ಜಿಯಂನದು ಅಂತ ಹೊಟ್ಟೆಗೆ ಇಳಿದಿದ್ದು ಬಿಸ್ಕಾಫ್ ಬಿಸ್ಕತ್ತು ಒಂದೇ. ಅದರಲ್ಲಿ ಮೊಟ್ಟೆ ಇಲ್ಲ. ಹುಟ್ಟಿದ್ದು ಈ ಎರಡು ಊರುಗಳಿಗೂ ಹತ್ತಿರದ ಲೆಂಬೆಕೆ ಅನ್ನುವ ಹಳ್ಳಿಯಲ್ಲಿ, 1932ರಲ್ಲಿ. ಬೆಂಗಳೂರಿನಲ್ಲೂ ಸಿಗುತ್ತದೆ ಅನ್ನುವುದನ್ನು ನಾನು ಅವರಿಗೆ ಹೇಳಲಿಲ್ಲ.

ಗೆಂಟ್‌ನಲ್ಲೂ ಫ್ರೈಸ್ ದನದ ಕೊಬ್ಬಿನಲ್ಲೇ ಕರಿಯುವವರಿದ್ದಾರೆ, ಅದು ಬದಲಾಗುವುದಿಲ್ಲ. ಬದಲಾಗುವುದು ಉಳಿದ ಊಟ. 2009ರಲ್ಲಿ ಈ ಊರಿನ ನಗರಾಡಳಿತವೇ ಗುರುವಾರ ಸಸ್ಯಾಹಾರ ಉಣ್ಣಿ ಅಂತ ಪ್ರಚಾರ ಶುರುಮಾಡಿತು. ಶಾಲೆಯ ಊಟಕ್ಕೂ ಅದು ಬಂತು. ಇದನ್ನು ಹೇಳಿದಾಗ ಅತ್ತೆ, "ಗುರುವಾರ ರಾಯರ ವಾರ ಅಂತ ಇವರಿಗೆ ಯಾರಮ್ಮ ಹೇಳಿಕೊಟ್ಟರು?" ಅಂದರು. ಯೂನಿವರ್ಸಿಟಿ ಇರುವ ಊರು, ಹುಡುಗ ಹುಡುಗಿಯರು ಜಾಸ್ತಿ. ಹಾಗಾಗಿ ಅಗ್ಗದ, ಪೂರ್ತಿ ಸಸ್ಯಾಹಾರದ ಜಾಗಗಳಿವೆ. ಮೆನುವಿನಲ್ಲಿ ಹಾಲು, ಮೊಟ್ಟೆ ಎಲ್ಲ ಬೇರೆ ಬೇರೆ ಗುರುತು ಹಾಕಿದ್ದರು. "ಮೊಟ್ಟೆ ಇಲ್ಲ, ಮೀನೂ ಬೇಡ, ಕೋಳಿಯೂ ಮಾಂಸವೇ" ಅನ್ನುವ ಭಾಷಣವನ್ನು ನಾನು ಅಲ್ಲಿ ಮಾಡಬೇಕಾಗಲಿಲ್ಲ.

ಮಾವನನ್ನು ಗೆದ್ದಿದ್ದು ಮಾತ್ರ ಊಟವಲ್ಲ. ಬ್ರೂಜ್ ನಿದ್ದೆ ಹೋದಾಗ ಗೆಂಟ್ ಮಿಲ್ಲುಗಳ ಊರಾಯಿತು. 1800ರ ಆಸುಪಾಸಿನಲ್ಲಿ ಲೀವನ್ ಬೌವೆನ್ಸ್ ಅನ್ನುವ ಇಲ್ಲಿನ ಒಬ್ಬ ಇಂಗ್ಲೆಂಡಿನಿಂದ ನೂಲುವ ಯಂತ್ರವನ್ನು ಬಿಡಿಭಾಗ ಮಾಡಿ ಕದ್ದು ಸಾಗಿಸಿದ. ಯಂತ್ರ ಹೊರಗೆ ಹೋಗಬಾರದು ಅಂತ ಇಂಗ್ಲೆಂಡಿನಲ್ಲಿ ಕಾನೂನೇ ಇತ್ತು. ಆಮೇಲೆ ಗೆಂಟ್ ತುಂಬಾ ಹತ್ತಿ ಗಿರಣಿಗಳು. ಯುರೋಪಿನ ಮ್ಯಾಂಚೆಸ್ಟರ್ ಅಂತಲೇ ಕರೆದರು. ದಾವಣಗೆರೆಗೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತಲ್ವಾ? ಮಾವನ ಮುಖ ನೋಡಬೇಕಿತ್ತು. ಹಳೆ ಹತ್ತಿ ಗಿರಣಿಯೊಂದರಲ್ಲೇ ಇಂಡಸ್ಟ್ರಿ ಮ್ಯೂಸಿಯಂ ಮಾಡಿದ್ದಾರೆ. ನೂಲುವ, ನೇಯುವ ಯಂತ್ರಗಳ ಸಾಲು ಇದೆ. ಅದರ ಮುಂದೆ ನಿಂತು ಅವರು ಮಗಳಿಗೆ ಒಂದೊಂದು ಭಾಗವನ್ನೂ ವಿವರಿಸಿದರು. ನೂಲು ತುಂಡಾದರೆ ಹೇಗೆ ಗಂಟು ಹಾಕಬೇಕು, ಪಾಳಿ ಬದಲಾಗುವಾಗ ಸೈರನ್ ಎಷ್ಟು ದೂರ ಕೇಳುತ್ತಿತ್ತು, ಎಲ್ಲ. ಮೊಣಕಾಲು ನೋವಿನ ಸುದ್ದಿಯೇ ಇಲ್ಲ. ಮೇಲಿನ ಅಂತಸ್ತಿನಿಂದ ಊರಿನ ಗೋಪುರಗಳೂ ಕಾಣುತ್ತವೆ.

ಮಗಳಿಗೆ ಕೋಟೆ. ಗ್ರಾವೆನ್‌ಸ್ಟೇನ್ ಅಂತ ಹೆಸರು, 1180ರಲ್ಲಿ ಕಟ್ಟಿದ್ದು, ಊರಿನ ನಟ್ಟನಡುವೆ ನೀರಿನ ಪಕ್ಕದಲ್ಲೇ ಇದೆ. ಆಡಿಯೊ ಗೈಡ್‌ಗೆ ಒಬ್ಬ ಹಾಸ್ಯ ಕಲಾವಿದ ದನಿ ಕೊಟ್ಟಿದ್ದಾನೆ, ನಗು ತಡೆಯಲಾಗದು. ಕೆಲವು ಜೋಕುಗಳು ಮಕ್ಕಳ ಕಿವಿಗೆ ಸ್ವಲ್ಪ ಜಾಸ್ತಿಯಾದವು. ಹಿಂಸೆಯ ಸಲಕರಣೆಗಳ ಕೋಣೆಯೂ ಇದೆ, ಅಲ್ಲಿ ಸಣ್ಣ ಮಕ್ಕಳನ್ನು ಬೇಗ ದಾಟಿಸಿ. ನನಗೆ ಇಷ್ಟವಾಗಿದ್ದು 1949ರ ಕತೆ: ಬಿಯರ್ ಬೆಲೆ ಏರಿತು ಅಂತ ಸಿಟ್ಟಾದ ಕಾಲೇಜು ಹುಡುಗರು ಈ ಕೋಟೆಯೊಳಗೆ ಸೇರಿ ಬಾಗಿಲು ಹಾಕಿಕೊಂಡು ಪೊಲೀಸರ ಮೇಲೆ ಹಣ್ಣು ಎಸೆದಿದ್ದರಂತೆ. ಮೆಟ್ಟಿಲುಗಳು ಕಡಿದು. ಮಾವ, ಅತ್ತೆ ಹೊರಗಿನ ಚೌಕದಲ್ಲೇ ಕೂತರು. ಆ ಚೌಕದ ದೀಪಗಳಿಗೆ ಒಂದು ವಿಶೇಷ ಇದೆ. ಗೆಂಟ್‌ನ ಆಸ್ಪತ್ರೆಯಲ್ಲಿ ಮಗು ಹುಟ್ಟಿ ಅಪ್ಪ ಅಮ್ಮ ಗುಂಡಿ ಒತ್ತಿದರೆ ಇಲ್ಲಿ ದೀಪ ಮೆಲ್ಲಗೆ ಮಿನುಗುತ್ತದೆ. ಸಂಜೆ ಕಾದೆವು. ಅತ್ತೆಗೆ ಕಂಡಿತಂತೆ, ಉಳಿದವರಿಗೆ ಇಲ್ಲ.

ಗಂಟೆ ಗೋಪುರ: ಬ್ರೂಜ್‌ನದು 366 ಮೆಟ್ಟಿಲು, ಲಿಫ್ಟ್ ಇಲ್ಲ. ಗೆಂಟ್‌ನದಕ್ಕೆ ಸ್ವಲ್ಪ ಹತ್ತಿದ ಮೇಲೆ ಲಿಫ್ಟ್ ಇದೆ. ಮಾತು ಮುಗಿಯಿತು.

ದೋಣಿ: ಇಲ್ಲಿ ಬ್ರೂಜ್ ಗೆಲ್ಲುತ್ತದೆ. ಅರ್ಧ ಗಂಟೆಯ ಸುತ್ತು, ತಲೆ ಬಗ್ಗಿಸಬೇಕಾದಷ್ಟು ತಗ್ಗಿನ ಸೇತುವೆಗಳು, ನೀರಿಗೇ ಇಳಿದ ಮನೆಯ ಗೋಡೆಗಳು. ಗೆಂಟ್‌ನದು ನಿಜ ಹೇಳಬೇಕೆಂದರೆ ಕಾಲುವೆಗಿಂತ ನದಿಯೇ ಜಾಸ್ತಿ, ಲೈ ಮತ್ತು ಶೆಲ್ಟ್ ಸೇರುವ ಊರು ಅದು. ಗ್ರಾಸ್ಲೇ ದಂಡೆಯ ಹಳೆ ವ್ಯಾಪಾರಿ ಮನೆಗಳು ಭರ್ಜರಿಯಾಗಿವೆ, ಆದರೆ ಆ ಇಕ್ಕಟ್ಟಿನ ಮಜಾ ಇಲ್ಲ.

ಕಲೆಯ ಲೆಕ್ಕದಲ್ಲಿ ಸಮ ಸಮ. ಬ್ರೂಜ್‌ನ ಚರ್ಚಿನಲ್ಲಿ ಮೈಕೆಲೆಂಜೆಲೊ ಕೆತ್ತಿದ ಅಮೃತಶಿಲೆಯ ತಾಯಿ ಮಗು. ಗೆಂಟ್‌ನ ಸೇಂಟ್ ಬಾವೊ ಚರ್ಚಿನಲ್ಲಿ ವ್ಯಾನ್ ಐಕ್ ಸಹೋದರರು ಮಡಚುವ ಫಲಕಗಳ ಮೇಲೆ ಬರೆದ ದೊಡ್ಡ ಚಿತ್ರ, 1432ರದ್ದು. ಎರಡನೇ ಮಹಾಯುದ್ಧದಲ್ಲಿ ಎರಡನ್ನೂ ನಾಜಿಗಳು ಹೊತ್ತೊಯ್ದು ಆಸ್ಟ್ರಿಯದ ಒಂದೇ ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟಿದ್ದರು. ಗೆಂಟ್ ಚಿತ್ರದ ಒಂದು ಫಲಕ 1934ರಲ್ಲೇ ಕಳುವಾಗಿತ್ತು. ಇನ್ನೂ ಸಿಕ್ಕಿಲ್ಲ, ಈಗ ಇರುವುದು ನಕಲು. ಮಗಳು ಅಸಲಿ ಚಿತ್ರಗಳನ್ನೆಲ್ಲ ಬಿಟ್ಟು ಆ ನಕಲನ್ನೇ ನೋಡುತ್ತಾ ನಿಂತಳು.

ತಳ್ಳುಗಾಡಿಗೆ ಎರಡೂ ಊರು ಶತ್ರು, ಬೀದಿಗೆಲ್ಲ ಕಲ್ಲು ಹಾಸಿದ್ದಾರೆ. ಗೆಂಟ್‌ನಲ್ಲಿ ಅದರ ಜೊತೆಗೆ ಟ್ರಾಮ್ ಹಳಿಯ ಸಂದಿಗೆ ಚಕ್ರ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಸೈಕಲ್ಲಿನವರು ಗಂಟೆ ಬಾರಿಸುತ್ತಾರೆ. ಆದರೆ ಸ್ಟೇಷನ್‌ನಿಂದ ಟ್ರಾಮ್ ಹತ್ತಿದರೆ ಕೋಟೆಯ ಹತ್ತಿರವೇ ಇಳಿಯಬಹುದು. ಬ್ರೂಜ್‌ನಲ್ಲಿ ಮಾವನಿಗಾಗಿ ಕುದುರೆ ಗಾಡಿ ಮಾಡಿದೆವು, 50 ಯೂರೊಗೂ ಮೇಲೆ. ಅರ್ಧ ದಾರಿಯಲ್ಲಿ ಕುದುರೆಗೆ ನೀರು ಕುಡಿಸಲು ನಿಲ್ಲಿಸುತ್ತಾರೆ. ಮಗನಿಗೆ ಇಡೀ ಬೆಲ್ಜಿಯಂನಲ್ಲಿ ಇಷ್ಟವಾಗಿದ್ದು ಅದೊಂದೇ.

ಶೌಚಾಲಯಕ್ಕೆ ಎರಡೂ ಕಡೆ ಚಿಲ್ಲರೆ ಇಟ್ಟುಕೊಳ್ಳಿ.

ರಾತ್ರಿ ಉಳಿಯುವ ಖರ್ಚು ನಾವು ನೋಡಿದ ವಾರಾಂತ್ಯದಲ್ಲಿ ಬ್ರೂಜ್‌ನಲ್ಲಿ ಸಾಕಷ್ಟು ಜಾಸ್ತಿ ಇತ್ತು, ಅದರಲ್ಲೂ ಅಡುಗೆಮನೆ ಇರುವ ಜಾಗ ಹಳೆ ಊರಿನೊಳಗೆ ಸಿಗಲೇ ಇಲ್ಲ. ಅನ್ನ, ಸಾರು, ಮೊಸರು ರಾತ್ರಿಗೆ ಬೇಕೇ ಬೇಕು ಅನ್ನುವ ಮನೆಯವರಿಗೆ ಇದು ದೊಡ್ಡ ವಿಷಯ. ಗೆಂಟ್‌ನಿಂದ ಸಂಜೆ ಹೊರಟು ಬ್ರೂಜ್ ನೋಡಿದಾಗ ಬಸ್ಸಿನವರೆಲ್ಲ ಹೋಗಿದ್ದರು, ಬೀದಿಗಳಲ್ಲಿ ನಮ್ಮ ಹೆಜ್ಜೆ ಸದ್ದು ನಮಗೇ ಕೇಳುತ್ತಿತ್ತು. ಊಟ ಮುಗಿಸಿಯೇ ಹೋಗಿದ್ದೆವು, ಹಾಗಾಗಿ ಯಾವ ಎಣ್ಣೆ ಅನ್ನುವ ಪ್ರಶ್ನೆಯೂ ಬರಲಿಲ್ಲ.

ಗಂಡ ಹೆಂಡತಿ ಇಬ್ಬರೇ ಇದ್ದರೆ, ಬೆಳಗ್ಗೆ ಆರಕ್ಕೆ ಏಳುವವರಾದರೆ, ತಿನ್ನುವುದರಲ್ಲಿ ಕಟ್ಟುನಿಟ್ಟಿಲ್ಲದಿದ್ದರೆ, ದುಡ್ಡು ಹೋದರೂ ಸರಿ ಬ್ರೂಜ್‌ನಲ್ಲೇ ಒಂದು ರಾತ್ರಿ ಇರಿ. ನಮ್ಮಂಥ ಮನೆಗೆ ಗೆಂಟ್. ಮುಂದಿನ ಬೇಸಿಗೆಗೆ ನನ್ನ ಅಪ್ಪ ಅಮ್ಮ ಬರುತ್ತಾರೆ, ಅದೇ ಮನೆಗೆ ಈಗಲೇ ಬುಕಿಂಗ್ ಕೇಳಿದ್ದೇನೆ. ಅಪ್ಪನಿಗೆ ಮಿಲ್ಲು ಗಿಲ್ಲು ಬೇಕಿಲ್ಲ, ದಂಡೆಯ ಮೇಲೆ ಕೂರಲು ಒಂದು ಜಾಗ ಇದ್ದರೆ ಸಾಕು.