ತೋಟದ ಕೆಲಸಕ್ಕೆ ಹಳೆಯ ಡೀಸೆಲ್ ಜೀಪು

ಕೊಪ್ಪದ ಕಡೆಯ ನಮ್ಮ ತೋಟದಲ್ಲಿ ಗೊಬ್ಬರ, ಅಡಿಕೆಗೊನೆ ಸಾಗಿಸಲು ಕಡಿಮೆ ಬೆಲೆಗೆ ಕೊಂಡ ಈ ಜೀಪು ನೆಚ್ಚಿಕೊಳ್ಳುವಂಥ ವಾಹನವಲ್ಲ. ಆದರೂ ಜಡಿಮಳೆಯಲ್ಲಿ ಕೆಸರಾದ ಏರನ್ನು ನಾಲ್ಕೂ ಚಕ್ರಗಳಿಗೆ ಹೆಚ್ಚು ಎಳೆತ ಕೊಡುವ ಫೋರ್ ವೀಲ್ ಲೋ ಗೇರಿನಲ್ಲಿ ಅದು ನಿಧಾನವಾಗಿ ಹತ್ತುವುದನ್ನು ಕಂಡವರಿಗೆ ಮಾರಲು ಮನಸ್ಸು ಬಾರದು. ಹಳ್ಳ ದಾಟಿದರೆ ಬ್ರೇಕ್ ಡ್ರಮ್ಮಿಗೆ ನೀರು ಸೇರಿ ಹಿಡಿತ ಕಡಿಮೆಯಾಗುತ್ತದೆ. ಸೀಲು ಸವೆದಿದ್ದರೆ ಆ ನೀರು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗೇರ್ ಆಯಿಲ್‌ಗೂ ಬೆರೆಯುವುದರಿಂದ, ಡ್ರೈನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಕಾಫಿಯಂತಹ ಆಯಿಲ್ ಇಳಿದರೆ ಸೀಲು, ಆಯಿಲ್ ಎರಡನ್ನೂ ಕೂಡಲೇ ಬದಲಿಸಬೇಕು. ಎಂಜಿನ್ನಿನ ಶಕ್ತಿಯನ್ನು ಡಿಫರೆನ್ಷಿಯಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ, ಅಂದರೆ ಅದರ ಕೀಲುಗಳಿಗೆ, ಗ್ರೀಸ್ ತಪ್ಪಬಾರದು. ಎಲೆಕ್ಟ್ರಾನಿಕ್ಸ್ ಇಲ್ಲದ ಕಾರಣ ಊರಿನ ಮೆಕ್ಯಾನಿಕ್ಕೇ ಬಹುಪಾಲು ರಿಪೇರಿ ಮಾಡಬಲ್ಲರು ಎಂಬುದು ಇದರ ದೊಡ್ಡ ಗುಣ. ಕೊಳ್ಳುವವರು ಹೊಸ ಪೇಂಟಿಗೆ ಮರುಳಾಗದೆ ಚಾಸಿಯ ತುಕ್ಕನ್ನೂ, 15 ವರ್ಷದ ನಂತರ ಆರ್‌ಸಿ ನವೀಕರಣವಾಗಿದೆಯೇ ಎಂಬುದನ್ನೂ ಮೊದಲು ಪರೀಕ್ಷಿಸಲಿ.